ಚಾಪೆಯ ದೇವೀರಿ ಬೂದಿಬೆಟ್ಟ ಹತ್ತಿದ್ದು

ಏಳು ಕೆರೆಗಳ ಆಚೆ, ನಮ್ಮ ಅಜ್ಜಿಯ ಅಜ್ಜಿಯೂ ಹುಟ್ಟುವ ಮುಂಚೆ, ಕುಸುಮಾವತಿ ಎಂಬ ರಾಜ್ಯವಿತ್ತು. ಕೀರ್ತಿಪಾಲ ಅದರ ಅರಸ. ಅರಮನೆಯ ಮುಂದೆ ದೊಡ್ಡ ಬಯಲು, ಬಯಲಿನ ನಡುವೆ ಕಲ್ಲಿನ ಮಂಟಪ. ದಿನವೂ ಸಂಜೆ ದನಕರು ಮನೆ ಸೇರಿದ ಮೇಲೆ ಆ ಮಂಟಪದಲ್ಲಿ ಹಾಡು, ಮದ್ದಳೆ, ಆಟ. ಅರಸನೂ ಬರುತ್ತಿದ್ದ, ಅಗಸನೂ ಬರುತ್ತಿದ್ದ. ಎಲ್ಲರೂ ನೆಲಕ್ಕೇ ಕೂರುತ್ತಿದ್ದರು.

ಆ ಊರಲ್ಲಿ ದೇವೀರಿ ಎಂಬ ಹೆಂಗಸು ಚಾಪೆ ಹೆಣೆದು ಬಾಳುತ್ತಿದ್ದಳು. ಗಂಡ ಕೆರೆಯಿಂದ ಜೊಂಡು ಕೊಯ್ದು ತರುತ್ತಿದ್ದ, ಅವಳು ಹೆಣೆಯುತ್ತಿದ್ದಳು, ಅತ್ತೆ ಬೋರಮ್ಮ ಅಂಚು ಕಟ್ಟುತ್ತಿದ್ದಳು. ದೇವೀರಿಗೆ ಹಾಡಲು ಬರುತ್ತಿರಲಿಲ್ಲ. ಅವಳು ಬಾಯಿ ತೆರೆದರೆ ಮನೆಯ ಬೆಕ್ಕು ಎದ್ದು ಹಿತ್ತಲಿಗೆ ಹೋಗುತ್ತಿತ್ತು. ಕುಣಿಯಲೂ ಬರುತ್ತಿರಲಿಲ್ಲ. ಆದರೆ ಕೇಳಲು ಬರುತ್ತಿತ್ತು, ನೋಡಲು ಬರುತ್ತಿತ್ತು. ಹೊತ್ತು ಇಳಿಯಿತೆಂದರೆ ಕೆಲಸ ಬಿಟ್ಟೆದ್ದು ಮುಖ ತೊಳೆದು, ಒಂದು ಚಾಪೆ ಹೆಗಲಿಗೇರಿಸಿ, ಅತ್ತೆಯ ಕೈ ಹಿಡಿದು ಮಂಟಪದ ಮುಂದೆ ಹಾಜರಾಗುತ್ತಿದ್ದಳು. ನಾಗಲಾಂಬೆ ಹಾಡಿದರೆ ಅವಳ ತಲೆ ತೂಗುತ್ತಿತ್ತು. ಕರಿಬಸಯ್ಯ ಮದ್ದಳೆ ಬಾರಿಸಿದರೆ ಅವಳ ಬೆರಳು ಮೊಣಕಾಲ ಮೇಲೆ ಓಡುತ್ತಿತ್ತು. ಚೆಲುವಯ್ಯ ವೇಷ ಕಟ್ಟಿ ಕುಣಿದರೆ ಅತ್ತೆ ಸೊಸೆ ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು, ಇಲ್ಲವೇ ಅಳುತ್ತಿದ್ದರು.

ಹೀಗಿರುವಾಗ ಒಂದು ಸಂಜೆ, ನಾಗಲಾಂಬೆ ಹಾಡಿನ ನಡುವೆ ಇದ್ದಾಳೆ, ಪಡುವಣದಿಂದ ಬೂದಿಬಣ್ಣದ ಸುಂಟರಗಾಳಿ ಎದ್ದು ಬಂತು. ಜನ ಕಣ್ಣುಜ್ಜಿಕೊಂಡು ನೋಡುವಾಗ ಮಂಟಪ ಖಾಲಿ. ಹಾಡುವವಳಿಲ್ಲ, ಬಾರಿಸುವವನಿಲ್ಲ, ಅರ್ಧ ಮೀಸೆ ಬರೆದುಕೊಂಡು ಒಳಗೆ ಕೂತಿದ್ದ ಚೆಲುವಯ್ಯನೂ ಇಲ್ಲ. ಆಕಾಶದಿಂದ ಒಂದು ಸ್ವರ ಕೇಳಿಸಿತು: “ಇವರು ಇನ್ನು ನನ್ನವರು.”

ಅದು ಬೂದಿಬೆಟ್ಟದ ಮಾಂತ್ರಿಕ ಧೂಮಾಕ್ಷನ ಸ್ವರ.

ಅರಸ ನೂರು ಸೈನಿಕರನ್ನು ಕಳಿಸಿದ. ಅವರು ತಿರುಗಿ ಬರಲಿಲ್ಲ. ಬೂದಿಬೆಟ್ಟಕ್ಕೆ ನೂರು ಕಲ್ಲುಮೆಟ್ಟಿಲು ಬಂದವು ಎಂದು ಕುರಿ ಕಾಯುವವರು ಸುದ್ದಿ ತಂದರು. ಅರಸ ಸೇನಾಪತಿಯನ್ನು ಕಳಿಸಿದ. ನೂರೊಂದನೆಯ ಮೆಟ್ಟಿಲು ಬಂತು. ಮೂರನೆಯ ಸಲ ಸ್ವತಃ ಯುವರಾಜ ಹೋದ. ಬೆಟ್ಟಕ್ಕೆ ಇನ್ನೊಂದು ಮೆಟ್ಟಿಲು ಹೆಚ್ಚಾಯಿತು, ಅಷ್ಟೇ.

ಊರಿನ ಸಂಜೆಗಳು ಬರಿದಾದವು. ಮೊದಲು ಕೆಲವು ದಿನ ಜನ ಅಭ್ಯಾಸಬಲದಿಂದ ಬಯಲಿಗೆ ಬಂದು, ಖಾಲಿ ಮಂಟಪ ನೋಡಿ, ಎದ್ದು ಹೋದರು. ಆಮೇಲೆ ಬರುವುದನ್ನೂ ಬಿಟ್ಟರು. ಅಕ್ಕಪಕ್ಕದವರು ಹಿತ್ತಲಿನ ಬೇಲಿಗೆ, ಬಾವಿಯ ಹಗ್ಗಕ್ಕೆ ಜಗಳವಾಡತೊಡಗಿದರು. ಬೋರಮ್ಮ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಏಳುತ್ತಿದ್ದಳು.

ನಲವತ್ತನೆಯ ದಿನ ದೇವೀರಿ ಕೈಲಿದ್ದ ಜೊಂಡು ಕೆಳಗಿಟ್ಟಳು.

“ಅತ್ತೆ, ನಾನು ಹೋಗಿ ಬರ್ತೀನಿ.”

“ಎಲ್ಲಿಗೆ ಮಗಾ?”

“ಬೂದಿಬೆಟ್ಟಕ್ಕೆ.”

“ಕತ್ತಿ ಹಿಡಿದೋರೇ ಕಲ್ಲಾದರು. ನಿನ್ನ ಹತ್ತಿರ ಏನಿದೆ?”

“ಏನೂ ಇಲ್ಲ. ಆದರೆ ನಂಗೆ ಕೈಯೇ ಓಡ್ತಿಲ್ಲ ಅತ್ತೆ. ನೆನ್ನೆ ಹೆಣೆದ ಚಾಪೆ ನೋಡು.”

ಬೋರಮ್ಮ ನೋಡಿದಳು. ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ. ಅಷ್ಟು ಕೆಟ್ಟ ಚಾಪೆಯನ್ನು ಆ ಮನೆಯಲ್ಲಿ ಯಾರೂ ಹೆಣೆದಿರಲಿಲ್ಲ. ಅವಳು ಎದ್ದು ರೊಟ್ಟಿ ತಟ್ಟಿ, ಹುಚ್ಚೆಳ್ಳು ಪುಡಿ ಜೊತೆಗಿಟ್ಟು ಬುತ್ತಿ ಕಟ್ಟಿದಳು. “ನನ್ನ ಮಂಡಿ ನೆಟ್ಟಗಿದ್ದಿದ್ದರೆ ನಾನೇ ಬರ್ತಿದ್ದೆ,” ಎಂದಳು. ಗಂಡ ಜೊತೆಗೆ ಹೊರಟುನಿಂತ. ಅತ್ತೆಯನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ದೇವೀರಿ ಅವನನ್ನು ಒಪ್ಪಿಸಿ ನಿಲ್ಲಿಸಿದಳು. ಬುತ್ತಿ ಕಂಕುಳಲ್ಲಿ, ಒಂದು ಹೊಸ ಚಾಪೆ ಹೆಗಲ ಮೇಲೆ.

ಮೂರು ದಿನ ನಡೆದಳು. ನಾಲ್ಕನೆಯ ದಿನ ಬೆಳಗ್ಗೆ ಬೂದಿಬೆಟ್ಟದ ಬುಡಕ್ಕೆ ಬಂದಳು. ನೂರೆರಡು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ “ತಪ್ಪು ತಿಳೀಬೇಡ ಕಣಪ್ಪಾ” ಎಂದು ಬಗ್ಗಿ ಮುಟ್ಟಿ, ಕಣ್ಣಿಗೊತ್ತಿಕೊಂಡು, ಆಮೇಲೆ ಕಾಲಿಟ್ಟಳು.

ಮೇಲೆ ಮೊದಲನೆಯ ಬಾಗಿಲು. ಬಾಗಿಲಿಗೆ ಅಡ್ಡವಾಗಿ ಒಂದು ಕರಡಿ. ಅದರ ಮೈ ಇದ್ದಿಲಿನ ಹಾಗೆ, ಕಣ್ಣು ಕೆಂಡದ ಹಾಗೆ.

“ನಿಲ್ಲು!” ಎಂದಿತು ಕರಡಿ. “ನಾನೊಂದು ಕತೆ ಹೇಳ್ತೀನಿ. ಕೊನೆತನಕ ಕೇಳಿದರೆ ಬಾಗಿಲು ತೆಗೀತೀನಿ. ನಡುವೆ ಆಕಳಿಸಿದರೆ ನುಂಗ್ತೀನಿ.”

“ಇಲ್ಲಿತನಕ ಎಷ್ಟು ಜನ ಕೇಳಿದಾರೆ?”

ಕರಡಿ ಮುಖ ಸಪ್ಪಗೆ ಮಾಡಿತು. “ಯಾರೂ ಇಲ್ಲ. ನಾನು ‘ಕತೆ’ ಅನ್ನೋ ಹೊತ್ತಿಗೆ ಕತ್ತಿ ಎಳೀತಾರೆ. ಕತ್ತಿ ಎಳೆದರೆ ಮೇಲಿಂದ ಬೂದಿ ಸುರಿಯುತ್ತೆ, ಕಲ್ಲಾಗ್ತಾರೆ.”

“ಅಯ್ಯೋ ಪಾಪ,” ಎಂದು ದೇವೀರಿ ಚಾಪೆ ಹಾಸಿ ಕೂತಳು. “ಹೇಳು ಮತ್ತೆ.”

ಕರಡಿ ಗಂಟಲು ಸರಿಮಾಡಿಕೊಂಡಿತು. ತನ್ನ ಅಜ್ಜ ಜೇನು ಕದಿಯಲು ಹೋಗಿ ಜೇನುಹುಳಗಳಿಗೇ ರಾಜನಾದ ಕತೆ ಅದು. ಹೊತ್ತು ನೆತ್ತಿಗೆ ಬಂದರೂ ಮುಗಿಯಲಿಲ್ಲ. ದೇವೀರಿ ಅಲ್ಲಾಡಲಿಲ್ಲ. ನಗುವ ಕಡೆ ನಕ್ಕಳು. ಹುಳಗಳು ಅಜ್ಜನ ಮೂಗಿಗೆ ಕಚ್ಚಿದಾಗ ತನ್ನ ಮೂಗು ಮುಚ್ಚಿಕೊಂಡಳು. ಅಜ್ಜ ಕಾಡು ಬಿಟ್ಟು ಹೋಗುವಾಗ ಕಣ್ಣೊರೆಸಿಕೊಂಡಳು. ಕತೆ ಮುಗಿಯಿತು. ಕರಡಿ ಪಾದ ನೋಡಿಕೊಳ್ಳುತ್ತ ಮೆಲ್ಲಗೆ ಕೇಳಿತು: “ಹೇಗಿತ್ತು?”

“ತುಂಬ ಚೆನ್ನಾಗಿತ್ತು. ಹೊಳೆ ದಾಟೋ ಕಡೆ ಮಾತ್ರ ಸ್ವಲ್ಪ ಎಳೆದೆ.”

ಕರಡಿ ಯೋಚಿಸಿತು. “ನಿಜ. ಅಲ್ಲಿ ನಂಗೆ ಮರೆತುಹೋಗಿತ್ತು. ಸುಮ್ಮನೆ ಏನೋ ಸೇರಿಸಿದೆ.” ಅದರ ಕೆಂಡದ ಕಣ್ಣು ತಣ್ಣಗಾಯಿತು. ಬಾಗಿಲು ತೆರೆದು, “ತಾಯಿ, ನಾನೂ ಜೊತೆಗೆ ಬರಲಾ?” ಎಂದಿತು.

“ಬಾ, ಅದಕ್ಕೇನು. ಮೊದಲು ರೊಟ್ಟಿ ತಿನ್ನು.”

ಇಬ್ಬರೂ ರೊಟ್ಟಿ ತಿಂದು ಎರಡನೆಯ ಬಾಗಿಲಿಗೆ ಬಂದರು. ಅಲ್ಲೊಂದು ಒಣಮರ, ಮರದ ತುಂಬ ನೂರು ಗೊರವಂಕ. ನೂರೂ ನೋಡಲು ಒಂದೇ ಥರ. ನೂರೂ ಒಟ್ಟಿಗೆ ಬಾಯಿ ತೆರೆದವು. ನೂರು ಕೊಕ್ಕಿನಿಂದಲೂ ಬಂದದ್ದು ನಾಗಲಾಂಬೆಯ ದನಿ!

ಕರಡಿ ಕಿವಿಯಲ್ಲಿ ಹೇಳಿತು: “ಇವುಗಳಲ್ಲಿ ಒಂದು ಮಾತ್ರ ನಿಮ್ಮ ಹಾಡುಗಾರ್ತಿ. ಉಳಿದವು ಮಾಂತ್ರಿಕ ಕಲಿಸಿದ ಹಕ್ಕಿಗಳು. ಸರಿಯಾದ ಹಕ್ಕಿಯ ಕಡೆ ಕೈ ಚಾಚಿದರೆ ಬಾಗಿಲು ತೆರೆಯುತ್ತೆ. ತಪ್ಪಿದರೆ ನೂರೂ ಸೇರಿ ಕಣ್ಣು ಕುಕ್ಕುತ್ತವೆ.”

ದೇವೀರಿ ಕಣ್ಣು ಮುಚ್ಚಿ ಕೇಳಿದಳು. ಹಾಡು ಮುಗಿಯಿತು. “ಇನ್ನೊಂದು ಸಲ,” ಎಂದಳು. ಹಕ್ಕಿಗಳು ಮತ್ತೆ ಹಾಡಿದವು. “ಇನ್ನೂ ಒಂದು ಸಲ,” ಎಂದಳು. ಮೂರನೆಯ ಸಲ ಅವಳ ಮುಖ ಅರಳಿತು. ಹದಿನೈದು ವರ್ಷದಿಂದ ಅವಳು ಮುಂದಿನ ಸಾಲಿನಲ್ಲಿ ಕೂತವಳು. ನಾಗಲಾಂಬೆ ಒಂದು ಸಾಲನ್ನು ಹೋದಸಲ ಹಾಡಿದ ಹಾಗೆ ಯಾವತ್ತೂ ಹಾಡಿದವಳಲ್ಲ. ಒಮ್ಮೆ ಎಳೆಯುವಳು, ಒಮ್ಮೆ ಮುರಿಯುವಳು, ಒಮ್ಮೆ ತನಗೇ ಹೊಳೆದದ್ದಕ್ಕೆ ತಾನೇ ನಕ್ಕುಬಿಡುವಳು. ತೊಂಬತ್ತೊಂಬತ್ತು ಹಕ್ಕಿಗಳು ಮೂರು ಸಲವೂ ಒಂದೇ ಅಚ್ಚು. ಕೆಳಗಿನ ಮೋಟುಕೊಂಬೆಯ ಮೇಲೆ, ರೆಕ್ಕೆ ಕೆದರಿ ಕೂತಿದ್ದ ಒಂದು ಹಕ್ಕಿಯ ಹಾಡು ಮಾತ್ರ ಮೂರು ಸಲವೂ ಬೇರೆ ಬೇರೆ.

ದೇವೀರಿ ಅದರತ್ತ ಕೈ ಚಾಚಿದಳು. “ಬನ್ನಿ ಅಮ್ಮಾ.”

ಹಕ್ಕಿ ಹಾರಿಬಂದು ಅವಳ ಹೆಗಲ ಮೇಲೆ ಕೂತಿತು. ಬಾಗಿಲು ತೆರೆಯಿತು.

ಒಳಗೆ ಬೂದಿಯ ಬಣ್ಣದ ದೊಡ್ಡ ಹಜಾರ. ಬಲಗಡೆ ಕೋಣೆಯ ಪಂಜರದಲ್ಲಿ ಒಂದು ಆಮೆ ತನ್ನ ಚಿಪ್ಪನ್ನು ತಾನೇ ಬಡಿದುಕೊಳ್ಳುತ್ತಿತ್ತು. ಎಡಗಡೆ ಕೋಣೆಯ ಪಂಜರದಲ್ಲಿ ಒಂದು ನವಿಲು ಯಾರೂ ನೋಡದೆ ಕುಣಿಯುತ್ತಿತ್ತು. ಎದುರಿಗೆ ಎತ್ತರದ ಪೀಠದಲ್ಲಿ ಧೂಮಾಕ್ಷ. ಒಣಗಿದ ಸೌದೆಯಂಥ ಮೈ. ಸುಮ್ಮನಿದ್ದಾಗಲೂ ತುಟಿ ಮಿಡುಕುತ್ತಿತ್ತು.

“ಬಂದೆಯಾ? ನನಗೆ ನಿನ್ನಂಥವಳೇ ಬೇಕಾಗಿತ್ತು,” ಎಂದ ಅವನು. “ಸಂಜೆ ಹೊತ್ತು ನಿಮ್ಮೂರಿನ ಚಪ್ಪಾಳೆ ಈ ಬೆಟ್ಟದ ತನಕ ಕೇಳಿಸುತ್ತಿತ್ತು. ನಗು ಕೇಳಿಸುತ್ತಿತ್ತು. ಅದು ನನಗೂ ಬೇಕೆಂದು ಇವರನ್ನು ಹೊತ್ತು ತಂದೆ. ನಲವತ್ತಮೂರು ದಿನವಾಯಿತು. ಹಾಡು ಎಂದರೆ ಹಾಡುತ್ತಾರೆ, ಬಾರಿಸು ಎಂದರೆ ಬಾರಿಸುತ್ತಾರೆ. ನನಗೇನೂ ಆಗುತ್ತಿಲ್ಲ! ನೀವು ಯಾವುದನ್ನೋ ಬಚ್ಚಿಟ್ಟಿದ್ದೀರಿ. ಸೂರ್ಯ ಮುಳುಗುವುದರೊಳಗೆ ಅದನ್ನು ನನಗೆ ಕೊಡು. ಕೊಟ್ಟರೆ ಎಲ್ಲರನ್ನೂ ಬಿಡುತ್ತೇನೆ. ಇಲ್ಲವಾದರೆ ನೂರಮೂರನೆಯ ಮೆಟ್ಟಿಲು ನೀನು.”

ಕಿಟಕಿಯಲ್ಲಿ ಬಿಸಿಲು ಆಗಲೇ ಓರೆಯಾಗಿತ್ತು. ಬಚ್ಚಿಟ್ಟದ್ದೇನೂ ಇರಲಿಲ್ಲವಲ್ಲ! ಆದರೂ ದೇವೀರಿ ಹಜಾರವನ್ನೊಮ್ಮೆ, ಪಂಜರಗಳನ್ನೊಮ್ಮೆ ನೋಡಿದಳು. “ಇಲ್ಲಿ ಆಟ ಹೇಗೆ ಕಟ್ಟುತ್ತೆ ಸ್ವಾಮಿ?” ಎಂದಳು. “ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ಅವರನ್ನ ಪಂಜರದಿಂದ ತೆಗೆದು ಒಬ್ಬರ ಮುಖ ಒಬ್ಬರಿಗೆ ಕಾಣೋ ಹಾಗೆ ಕೂರಿಸಿ.”

ಧೂಮಾಕ್ಷ ಗೊಣಗುತ್ತ ಕೂರಿಸಿದ. ಆಮೆ ಗೊರವಂಕವನ್ನು ನೋಡಿತು, ಗೊರವಂಕ ನವಿಲನ್ನು ನೋಡಿತು.

“ಕೇಳೋಕೆ ಜನ ಬೇಕು. ಕರಡಿಯಪ್ಪ, ನೀನು ಬಾ. ಆ ಹಕ್ಕಿಗಳನ್ನೂ ಕರಿ.”

ಕರಡಿ ಬಂದು ಕೂತಿತು. ತೊಂಬತ್ತೊಂಬತ್ತು ಗೊರವಂಕಗಳು ತೊಲೆಯ ಮೇಲೆ ಸಾಲಾಗಿ ಕೂತವು.

“ಇನ್ನು ನೀವು ಇಳಿದು ಬನ್ನಿ ಸ್ವಾಮಿ. ಅಷ್ಟೆತ್ತರದಲ್ಲಿ ಕೂತರೆ ಏನು ಕಂಡೀತು?” ದೇವೀರಿ ಚಾಪೆ ಹಾಸಿ, ಅರ್ಧದಲ್ಲಿ ತಾನು ಕೂತು, ಇನ್ನರ್ಧ ತಟ್ಟಿ ತೋರಿಸಿದಳು. ಮಾಂತ್ರಿಕ ಅತ್ತಿತ್ತ ನೋಡಿ, ಇಳಿದು ಬಂದು, ಮಂಡಿ ಮಡಚಲು ಕಷ್ಟಪಟ್ಟು ಕೂತ.

ಹಾಡು ಶುರುವಾಯಿತು. ಆಮೆ ಚಿಪ್ಪು ಬಡಿಯಿತು. ನವಿಲು ಗರಿ ಬಿಚ್ಚಿತು. ದೇವೀರಿ ಕಿವಿಗೊಟ್ಟಳು. ಆದರೆ ಏನೋ ಅಡ್ಡ ಬರುತ್ತಿತ್ತು. ಕಿವಿಯ ಪಕ್ಕದಲ್ಲೇ ಗುಂಯ್, ಗುಂಯ್ ಎಂಬ ಸದ್ದು. ಇಂಥ ಹಾಡು ನಡೆಯುವಾಗ ಇದ್ಯಾರು ಮಾತಾಡುತ್ತಿರುವುದು? ಅವಳಿಗೆ ಸಿಟ್ಟು ಬಂತು. ಎಲ್ಲಿದ್ದೇನೆ, ಯಾರ ಪಕ್ಕ ಕೂತಿದ್ದೇನೆ ಎಂಬುದೂ ಮರೆತು ತಿರುಗಿದಳು.

“ಶ್! ಸುಮ್ನಿರಪ್ಪಾ, ಏನೂ ಕೇಳಿಸ್ತಿಲ್ಲ!”

ಧೂಮಾಕ್ಷ ದಂಗಾದ. “ಅದು ಕಟ್ಟುಮಂತ್ರ,” ಎಂದ ಪಿಸುದನಿಯಲ್ಲಿ. “ಇವರನ್ನು ಹಿಡಿದಿಡಲು ಹಗಲೂ ರಾತ್ರಿ ಹೇಳುತ್ತಲೇ ಇರಬೇಕು. ಮಾತಾಡುವಷ್ಟು ಹೊತ್ತು ಬಿಡಬಹುದು, ಅದಕ್ಕಿಂತ ಹೆಚ್ಚು ಬಿಟ್ಟರೆ ಕಟ್ಟು ಕಳಚುತ್ತದೆ.”

“ಹಾಗಾದರೆ ನಲವತ್ತಮೂರು ದಿನದಿಂದ ನೀನು ಕೇಳಿದ್ದು ನಿನ್ನ ಮಂತ್ರವನ್ನೇ. ಇವರ ಹಾಡನ್ನ ಎಲ್ಲಿ ಕೇಳಿದೆ?”

ಗೊರವಂಕ ಮೇಲಿನ ಸ್ವರಕ್ಕೆ ಏರುವುದರಲ್ಲಿತ್ತು. ‘ಒಂದೇ ಒಂದು ಸಾಲು,’ ಎಂದುಕೊಂಡ ಮಾಂತ್ರಿಕ. ‘ಒಂದು ಸಾಲು ಕೇಳಿ ಮತ್ತೆ ಮಂತ್ರ ಹಿಡಿಯುತ್ತೇನೆ.’ ಅವನ ತುಟಿ ನಿಂತಿತು.

ಆಗ ಆ ಸಾಲು ಬಂತು. ಅದು ಬಿಸಿಲಲ್ಲಿ ನಡೆದು ಬಂದವರ ಕಾಲಿಗೆ ನೀರು ಹುಯ್ದ ಹಾಗಿತ್ತು. ಅದರ ಬೆನ್ನಿಗೆ ಇನ್ನೊಂದು ಸಾಲು. ಇದನ್ನೂ ಕೇಳಿಬಿಡೋಣ ಎಂದುಕೊಂಡ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟ.

ಗೊರವಂಕದ ರೆಕ್ಕೆ ಸೀರೆಯ ಸೆರಗಾಯಿತು. ನಾಗಲಾಂಬೆ ಕೂತು ಹಾಡುತ್ತಿದ್ದಳು. ಆಮೆಯ ಚಿಪ್ಪು ಮದ್ದಳೆಯಾಯಿತು; ಕರಿಬಸಯ್ಯ ಬಾರಿಸುತ್ತಿದ್ದ. ನವಿಲಿನ ಗರಿ ನಿರಿಗೆಯಾಯಿತು. ಚೆಲುವಯ್ಯ ಅರ್ಧ ಮೀಸೆಯಲ್ಲೇ ಕುಣಿಯುತ್ತಿದ್ದ. ಮೂವರಲ್ಲಿ ಒಬ್ಬರೂ ತಾಳ ತಪ್ಪಲಿಲ್ಲ. ಹೊರಗೆ ಮೆಟ್ಟಿಲುಗಳು ಒಂದೊಂದಾಗಿ ಎದ್ದು ನಿಂತವು. ಸೈನಿಕರು ಬೆನ್ನು ನೀವಿಕೊಳ್ಳುತ್ತ ಒಳಗೆ ಬಂದರು, ಹಾಡು ನಡೆಯುತ್ತಿರುವುದು ಕಂಡು ಸದ್ದಿಲ್ಲದೆ ಕೂತರು. ಯುವರಾಜ ಕರಡಿಯ ಪಕ್ಕ ಜಾಗ ಮಾಡಿಕೊಂಡ.

ದೇವೀರಿ ಇದೊಂದನ್ನೂ ಗಮನಿಸಲಿಲ್ಲ. ಅವಳ ತಲೆ ತೂಗುತ್ತಿತ್ತು, ಬೆರಳು ಮೊಣಕಾಲ ಮೇಲೆ ಓಡುತ್ತಿತ್ತು. ಪಕ್ಕದಲ್ಲಿ ಧೂಮಾಕ್ಷನ ಬೆರಳೂ ಓಡುತ್ತಿತ್ತು.

ಹಾಡು ಮುಗಿದಾಗ ಹಜಾರವೆಲ್ಲ “ಭಲೇ!” ಎಂದಿತು. ಎಲ್ಲರಿಗಿಂತ ಜೋರಾಗಿ ಅಂದವನು ಮಾಂತ್ರಿಕ. ಅಂದವನೇ ಎಚ್ಚೆತ್ತು, ಗಾಬರಿಯಿಂದ ಮಂತ್ರಕ್ಕೆ ಬಾಯಿ ತೆರೆದ. ಮಂತ್ರ ಬರಲಿಲ್ಲ. ನಾಲಿಗೆಯ ತುದಿಗೆ ಬಂದದ್ದು ನಾಗಲಾಂಬೆ ಹಾಡಿದ ಸಾಲು. ಎಷ್ಟು ಸಲ ತೆರೆದರೂ ಅದೇ ಸಾಲು. ಅವನ ಮಾಯೆಯೆಲ್ಲ ಹೋಗಿ, ಬರೀ ಒಬ್ಬ ಮುದುಕ ಚಾಪೆಯ ಮೇಲೆ ಉಳಿದ.

ಯುವರಾಜ ಕತ್ತಿಗೆ ಕೈ ಹಾಕಿದ. ದೇವೀರಿ ಅಡ್ಡ ಬಂದಳು. “ನೀವಲ್ಲ ಸ್ವಾಮಿ, ಇವನಿಗೇನು ಶಿಕ್ಷೆ ಅಂತ ಸೆರೆಯಲ್ಲಿದ್ದೋರು ಹೇಳಲಿ.”

ನಾಗಲಾಂಬೆ ಮುದುಕನ ಮುಂದೆ ಬಂದು ನಿಂತಳು. “ನಲವತ್ತಮೂರು ದಿನ ಕಾಳು ಹೆಕ್ಕಿಸಿದೆ ನನ್ನ ಕೈಲಿ,” ಎಂದಳು. “ಮಂಟಪ ಗುಡಿಸು, ದೀಪಕ್ಕೆ ಎಣ್ಣೆ ಹಾಕು. ಬದುಕಿರೋ ತನಕ ಅದೇ ನಿನ್ನ ಕೆಲಸ.”

ಮುದುಕ ತಲೆಯಾಡಿಸಿದ. ಆಮೇಲೆ ಅಳುಕುತ್ತ ಕೇಳಿದ: “ಗುಡಿಸಿದ ಮೇಲೆ ಕೂತು ಕೇಳಬಹುದೇ, ಅಮ್ಮಾ?”

“ಕೇಳು. ಬಾಯಿ ಮುಚ್ಚಿಕೊಂಡು.”

ಎಲ್ಲರೂ ಕುಸುಮಾವತಿಗೆ ಬಂದರು. ಅರಸ ಊರಬಾಗಿಲಿಗೇ ಬಂದು ಮಗನನ್ನು ತಬ್ಬಿಕೊಂಡ, ಕಲಾವಿದರಿಗೆ ಕೈಮುಗಿದ. “ದೇವೀರಿ, ನಿನಗೇನು ಬೇಕು ಕೇಳು. ಅರ್ಧ ರಾಜ್ಯವಾದರೂ ಸರಿ,” ಎಂದ.

ದೇವೀರಿ ಸೆರಗು ಸರಿಮಾಡಿಕೊಂಡಳು. “ರಾಜ್ಯ ಯಾರು ನೋಡಿಕೊಳ್ತಾರೆ ಸ್ವಾಮಿ? ನಾಳೆ ಸಂಜೆ ಯಾವ ಆಟ ಅಂತ ಹೇಳಿ ಸಾಕು. ಮನೇಲಿ ಅತ್ತೆ ಕೇಳ್ತಾಳೆ.”

ಅರಸ ನಕ್ಕು ಚೆಲುವಯ್ಯನತ್ತ ನೋಡಿದ. ಚೆಲುವಯ್ಯ, “ಆಟ ಯಾವುದಾದರೂ ಆಗಲಿ, ನಾಳೆಗೆ ಯಾಕೆ?” ಎಂದು ನಿರಿಗೆ ಎತ್ತಿ ಕಟ್ಟಿದ.

ಆವತ್ತು ಸಂಜೆ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಲಿಗೆ ಜಗಳವಾಡಿದವರು ಒಂದೇ ಕಂಬಳಿಯ ಮೇಲೆ ಕೂತಿದ್ದರು. ಆಟ ಮುಗಿದ ಮೇಲೆ ದೇವೀರಿ, ಅವಳ ಗಂಡ, ಬೋರಮ್ಮ ಮೂವರೂ ನಿಧಾನ ಮನೆಯತ್ತ ನಡೆದರು.

“ಕೊನೇ ಹಾಡು ಇನ್ನೂ ಸ್ವಲ್ಪ ನಿಧಾನ ಹಾಡಬೇಕಿತ್ತು ಕಣೆ,” ಎಂದಳು ಬೋರಮ್ಮ.

“ಇಲ್ಲ ಅತ್ತೆ, ಸರಿಯಾಗಿತ್ತು.”

“ನಿಂಗೇನು ಗೊತ್ತು? ನಾನು ಅವಳಮ್ಮನ ಹಾಡೇ ಕೇಳಿದೋಳು.”

ಬೀದಿ ಮುಗಿದರೂ ವಾದ ಮುಗಿಯಲಿಲ್ಲ. ಗಂಡ ಬಾಗಿಲು ತೆಗೆದು, ಬಡಿಸಿಟ್ಟು, ಎರಡು ಸಲ ಕರೆದ. ಬೋರಮ್ಮ ಹಾಡಿನ ಮಾತಾಡುತ್ತಲೇ ತಟ್ಟೆ ಖಾಲಿ ಮಾಡಿ, ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಹಾಗೆ ಅವರೆಲ್ಲ ಬಹುಕಾಲ ಬಾಳಿದರು, ಆ ರಾಜ್ಯದಲ್ಲಿ ಒಂದು ಸಂಜೆಯೂ ಬರಿದಾಗಲಿಲ್ಲ.