ಖಾಲಿ ಗೋರಿಯ ದೀಪ

"ಅದ್ರಲ್ಲಿ ಯಾರೂ ಇಲ್ಲ. ಅಷ್ಟು ತಿಕ್ಕೂದು ಎಂತಕೆ?"

ಹಿಂದಿನಿಂದ ಬಂದ ದನಿಗೆ ಸೋಮಿಯ ಕೈಯ ಬ್ರಶ್ ಜಾರಿಬಿತ್ತು.

ಕಾರವಾರದ ಇಗರ್ಜಿಯ ಹಿಂದಿನ ಗೋರಿಗಳನ್ನು ತೊಳೆಯುವ ಕೂಲಿಗೆ ಅಮದಳ್ಳಿಯಿಂದ ಬಂದವಳು ಅವಳು. ಮರುದಿನ, ನವೆಂಬರ್ ಎರಡು, ಕ್ರೈಸ್ತರು ತಮ್ಮ ಸತ್ತವರಿಗೆ ಮೇಣದಬತ್ತಿ ಹಚ್ಚುವ ದಿನ.

ಮಾತಾಡಿದವನು ಇನಾಸ. ಗೋರಿ ಅವನ ಅಪ್ಪನದು. ಮೀನಿಗೆ ಹೋದ ಅಪ್ಪನನ್ನು ಸಮುದ್ರ ತಿರುಗಿ ಕೊಡಲಿಲ್ಲ. ಕಲ್ಲಿನ ಮೇಲೆ ಹೆಸರಷ್ಟೇ ಉಳಿಯಿತು.

"ಹೆಸರು ಅದೆಯಲ್ಲ," ಎಂದು ಸೋಮಿ ಮತ್ತೆ ತಿಕ್ಕತೊಡಗಿದಳು.

ಆ ಮಾತಿಗೇ ಅವನು ಸೋತ.

ಪಾದ್ರಿಯಾಗಲು ಓದುತ್ತಿದ್ದವನು ನಡುವೆಯೇ ಬಿಟ್ಟು ಬೇಲೆಕೇರಿಯಲ್ಲಿ ದೋಣಿ ರಿಪೇರಿ ಮಾಡುತ್ತಿದ್ದ. ಭಾನುವಾರಗಳಂದು ಇಬ್ಬರೂ ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದರು. ಮದುವೆಯ ಮಾತೂ ಬಂತು.

ಒಂದು ದಿನ ಅವನು ಪಾದ್ರಿಯ ಓದಿನಲ್ಲಿ ತಾನು ಕಲಿತದ್ದನ್ನು ಹೇಳಿದ. ಕಲ್ಲು ಇರುವಂತೆ, ಮರ ಇರುವಂತೆ ದೇವರು ಎಲ್ಲೂ ಇಲ್ಲವಂತೆ...

ಮುಂದಿನದು ಸೋಮಿಯ ತಲೆಗೆ ಹೋಗಲಿಲ್ಲ. ಇವರಿಗೆ ದೇವರೇ ಇಲ್ಲವಾ!

ಅವ್ವ ಕಲಾವತಿಯೂ ಅದನ್ನೇ ಹಿಡಿದಳು. ಬೇರೆ ದೇವರಾದರೆ ಹೇಗೋ ಹೊಂದಿಕೊಳ್ಳಬಹುದು, ದೇವರೇ ಇಲ್ಲದ ಮನೆಯಲ್ಲಿ ದೀಪ ಯಾರಿಗೆ ಹಚ್ಚುತ್ತೀಯೆ ಎಂದು ಕೇಳಿದಳು.

ಸೋಮಿ ಭಾನುವಾರ ಅಂಕೋಲಾಕ್ಕೆ ಹೋಗಲಿಲ್ಲ. ಇನಾಸನ ಫೋನ್ ಎತ್ತುವುದನ್ನೇ ಬಿಟ್ಟಳು.

ಮತ್ತೆ ನವೆಂಬರ್ ಬಂತು. ಕೂಲಿ ಬಿಡುವಂತಿರಲಿಲ್ಲ. ಹಬ್ಬದ ಸಂಜೆ ಬಕೆಟ್ ಒಯ್ಯಲು ಬಂದವಳು ನಿಂತುಬಿಟ್ಟಳು. ಖಾಲಿ ಗೋರಿಯ ಮುಂದೆ, ಗಾಳಿಗೆ ಆರಿಹೋಗುವ ಬತ್ತಿಯನ್ನು ಇನಾಸ ಮತ್ತೆ ಮತ್ತೆ ಹಚ್ಚುತ್ತಿದ್ದ. ಸೊರಗಿಹೋಗಿದ್ದ.

"ದೇವರಿಲ್ಲ ಅಂದವ್ರು ದೀಪ ಯಾರಿಗೆ ಹಚ್ಚೂದು?" ಸೋಮಿ ಕೇಳಿದಳು.

ಅವನು ತಲೆಯೆತ್ತಿದ. "ಇಲ್ಲ ಅಂದಿಲ್ಲ ಸೋಮಿ. ಬಂದರಲ್ಲಿ ದೋಣಿ ಎಣಿಸೂವಾಗ ನೀರನ್ನ ಯಾರೂ ಎಣಿಸೂದಿಲ್ಲ. ಆದ್ರೆ ನೀರಿಲ್ದೆ ಒಂದು ದೋಣಿಯೂ ತೇಲೂದಿಲ್ಲ. ದೇವರು ಹಂಗೆ. ಎಲ್ಲಾ ಇರೂದು ಅವನಿಂದ. ನೀನೂ."

"ಮತ್ತೆ ನಿಮ್ಮ ಅಪ್ಪ? ಅವ್ರನ್ನ ತಕ್ಕಂಡು ಹೋದದ್ದೂ ನೀರೇ ಅಲ್ವಾ?"

ಅವನು ಗೀರಿದ ಕಡ್ಡಿಯೂ ಗಾಳಿಗೆ ಆರಿತು.

"ಅದಕ್ಕೆ ಉತ್ರ ಗೊತ್ತಿಲ್ಲ. ಅದ್ಕೇ ಓದೂದು ಬಿಟ್ಟೆ... ದೀಪ ಬಿಡೂಕೆ ಆಗ್ಲಿಲ್ಲ."

ಸೋಮಿಯ ಕಣ್ಣು ತುಂಬಿತು. ಬಕೆಟ್ ಕೆಳಗಿಟ್ಟು, ಗಾಳಿ ಬೀಸುವ ಕಡೆ ಮಂಡಿಯೂರಿ, ಬತ್ತಿಯ ಸುತ್ತ ಅಂಗೈ ಒಡ್ಡಿದಳು.

"ಈಗ ಹಚ್ಚು." ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು.

ಜ್ವಾಲೆ ಅಲುಗಾಡಿ, ನಿಂತಿತು.

"ನಾಳೆ ಬಂದು ಅವ್ವನ ಹತ್ರ ಇದನ್ನೇ ಹೇಳು."

"ನೀರಿನ ಮಾತಾ?"

"ಅದು ಬೇಡ. ದೀಪ ಬಿಡೂಕೆ ಆಗ್ಲಿಲ್ಲ ಅಂದ್ಯಲ್ಲ... ಅಷ್ಟೇ ಹೇಳು."