ಹನ್ನೆರಡನೆಯ ಜೆರ್ಸಿ

೧೯೫೮ರಲ್ಲಿ ಜೆಪ್ಪುವಿನ ನಮ್ಮ ಫುಟ್ಬಾಲ್ ತಂಡಕ್ಕೆ ನಾನೇ ಗೋಲ್‌ಕೀಪರ್, ನಾನೇ ಕಾರ್ಯದರ್ಶಿ. ಜೆರ್ಸಿ ಒಗೆಸುವ ತಲೆನೋವೂ ನನ್ನದೇ. ಮಡಿವಾಳ ದೂಮಪ್ಪನಿಗೆ ಹನ್ನೊಂದು ಕೊಟ್ಟರೆ ಪ್ರತಿ ಸೋಮವಾರ ಹನ್ನೆರಡು ಬರುತ್ತಿತ್ತು. ಆ ಹೆಚ್ಚಿನ ಒಂದು ದಪ್ಪ ಉಣ್ಣೆಯದು. ಏಪ್ರಿಲ್ ಬಿಸಿಲಲ್ಲೂ ಒದ್ದೆ, ಮುಟ್ಟಿದರೆ ಬಾವಿನೀರಿನಷ್ಟು ತಣ್ಣಗೆ. ಮೂರು ಸಲ ಹಿಂದೆ ಕೊಟ್ಟೆ, ಮೂರು ಸಲವೂ ತಿರುಗಿ ಬಂತು.

"ಎಂತ ಮಾರಾಯ, ನಿನಗೆ ಲೆಕ್ಕ ಬರುವುದಿಲ್ಲವಾ?" ಎಂದು ರೇಗಿದೆ.

ದೂಮಪ್ಪ ಅದರ ಕಾಲರ್ ಮಗುಚಿದ. ಒಳಗೆ ಮೂರು ಕಪ್ಪು ಚುಕ್ಕೆ. "ಪಿಯುಸ್ ಪೊರ್ಬುಗಳೇ, ಇದು ನನ್ನ ಅಜ್ಜ ಹಾಕುತ್ತಿದ್ದ ಗುರುತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನೀವು ಆಡುವ ಇದೇ ಮೈದಾನದಲ್ಲಿ ಬಿಳಿ ದೊರೆಗಳ ಫುಟ್ಬಾಲ್ ಕ್ಲಬ್ ಒಂದಿತ್ತಂತೆ, ಎರಡೇ ವರ್ಷ. ಅವರ ಬಟ್ಟೆಗೆ ಮಾತ್ರ ಈ ಗುರುತು."

"ಕಥೆ ಬೇಡ, ತೆಗೆದುಕೊಂಡು ಹೋಗು!"

ಮುಂದಿನ ವಾರ ನನ್ನ ಜೆರ್ಸಿ ಹರಿದಿತ್ತು. ಮನೆಯಲ್ಲೇ ಹೊಲಿಸಿ ಹಾಕಿಕೊಂಡಿದ್ದೆ. ಒಗೆಯಲು ಕೊಟ್ಟದ್ದು ಹತ್ತು, ಬಂದದ್ದೂ ಹತ್ತೇ. ಅಬ್ಬ, ಪೀಡೆ ತೊಲಗಿತು ಎಂದುಕೊಂಡು ಕಾಲರ್ ಮಗುಚಿದೆ. ಹತ್ತರಲ್ಲೂ ಮೂರು ಚುಕ್ಕೆ.

ದೂಮಪ್ಪನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಾಗಲೇ ನನ್ನ ಕುತ್ತಿಗೆಯ ಹಿಂದೆ ತಣ್ಣಗಾಯಿತು. ಮೈಮೇಲಿದ್ದ ಜೆರ್ಸಿಯನ್ನು ಕಿತ್ತು ಕಾಲರ್ ನೋಡಿದೆ.

ಅಲ್ಲೂ ಮೂರು ಚುಕ್ಕೆ. ಆ ಮಸಿ ಇನ್ನೂ ಆರಿರಲಿಲ್ಲ.