ಯಾರದೋ ಕೈಯ ಪ್ಯಾಚ್

ಹೊಟ್ಟೆಕಿಚ್ಚು ನನ್ನ ಜಾಯಮಾನವಲ್ಲ. ಹಾಗಂತ ನಾನು ಹೇಳಿಕೊಳ್ಳುತ್ತೇನೆ. ಅಪ್ಪನನ್ನು ಕೇಳಿದರೆ ಬೇರೆಯೇ ಹೇಳುತ್ತಾನೆ, ಅದಕ್ಕೇ ಅವನನ್ನು ಕೇಳಬೇಡಿ.

ಬಂದರಿನ ಗೇಟಿನಿಂದ ಊರೊಳಗೆ ಬರುವ ಹಳೇ ರಸ್ತೆಯಲ್ಲಿ ನಮ್ಮದೊಂದು ಪಂಕ್ಚರ್ ಅಂಗಡಿ. ಅಪ್ಪನ ಸೊಂಟ ಕೈಕೊಟ್ಟ ಮೇಲೆ ಜಾಕಿ ಎತ್ತುವುದರಿಂದ ಹಿಡಿದು ಗಾಳಿ ತುಂಬುವವರೆಗೆ ಎಲ್ಲ ನಾನೇ. ನಾನು ಎಡಗೈಯವಳು. ಚಿಕ್ಕಂದಿನಲ್ಲಿ ಅಪ್ಪ ಟ್ಯೂಬು ಉಜ್ಜುವ ಅರವನ್ನು ನನ್ನ ಬಲಗೈಗೆ ತುರುಕಿ ತುರುಕಿ ಸೋತು, ಕೊನೆಗೆ ‘ಎಡಚಿ’ ಎಂದು ಹೆಸರಿಟ್ಟು ಸುಮ್ಮನಾದ. ಲಾರಿಯವರೆಲ್ಲ ಹಾಗೇ ಕರೆಯುತ್ತಾರೆ, ಒಬ್ಬನನ್ನು ಬಿಟ್ಟು.

ಆ ಒಬ್ಬ ನನ್ನನ್ನು ‘ಮೇಡಂ’ ಅನ್ನುತ್ತಾನೆ. ಅವನದು ಹನ್ನೆರಡು ಚಕ್ರದ ಲಾರಿ, ಹಾಗಾಗಿ ಅವನು ನನಗೆ ‘ಹನ್ನೆರಡು’. ಮೂರು ವರ್ಷದಿಂದ ವಾರಕ್ಕೆ ಎರಡು ಸಲ ಬಂದು, ಬಕೆಟ್ಟು ಮಗುಚಿ ಹಾಕಿಕೊಂಡು ನನ್ನೆದುರು ಕೂರುತ್ತಿದ್ದ. ಪಂಕ್ಚರ್ ಇರಲೇಬೇಕೆಂದೇನಿಲ್ಲ.

“ಗಾಳಿ ಕಮ್ಮಿ ಇದೆಯಾ ನೋಡಿ ಮೇಡಂ.”

“ಸರಿಯಾಗೇ ಇದೆ.”

“ಇನ್ನೂ ಹನ್ನೊಂದು ಟೈರು ಬಾಕಿ ಇವೆ. ನಿಧಾನಕ್ಕೆ ನೋಡಿ, ಅರ್ಜೆಂಟಿಲ್ಲ.”

ನಾನು ತಲೆ ತಗ್ಗಿಸಿ ಟ್ಯೂಬು ಉಜ್ಜುತ್ತಿದ್ದೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿರುವುದು ಅವನಿಗೂ ಗೊತ್ತಿತ್ತು. ಅದಕ್ಕಿಂತ ಮುಂದೆ ಒಂದು ಮಾತೂ ಹೋಗಿರಲಿಲ್ಲ.

ಅಷ್ಟರಲ್ಲಿ ಊರನ್ನು ಬಳಸಿ ಹೋಗುವ ಬೈಪಾಸ್ ತೆರೆಯಿತು. ಬಂದರಿನ ಹಿಂಬದಿಯಲ್ಲಿ ಹತ್ತಿದರೆ ಆಯಿತು. ಸಿಗ್ನಲ್ ಇಲ್ಲ, ಮಾರ್ಕೆಟ್ಟಿನ ಜಂಜಾಟವಿಲ್ಲ, ನಾನೂ ಇಲ್ಲ. ನಮ್ಮ ಅಂಗಡಿಯ ಮುಂದೆ ಸಾಲುಗಟ್ಟುತ್ತಿದ್ದ ಲಾರಿಗಳು ದಿನಕ್ಕೆ ಮೂರೋ ನಾಲ್ಕೋ ಆದವು. ‘ಹನ್ನೆರಡು’ ಮೊದಲು ವಾರಕ್ಕೊಮ್ಮೆ ಬಂದ, ಆಮೇಲೆ ಹತ್ತು ದಿನಕ್ಕೊಮ್ಮೆ, ಆಮೇಲೆ ಹದಿನೆಂಟು ದಿನ ಪತ್ತೆಯೇ ಇಲ್ಲ. ನಾನೇನು ಎಣಿಸುತ್ತಾ ಕೂತಿರಲಿಲ್ಲ. ಸುಮ್ಮನೆ ಗೊತ್ತಾಯಿತು.

ಉರಿಯುವ ಬೆಂಕಿಗೆ ತುಪ್ಪ ಸುರಿದವಳು ಎದುರಿನ ಟೀ ಅಂಗಡಿಯ ಅಕ್ಕ. ತಂಗಿಯ ಮನೆಗೆ ಬಸ್ಸಿನಲ್ಲಿ ಹೋಗಿ ಬಂದವಳು ಚೀಲ ಕೂಡ ಇಳಿಸದೆ ನನ್ನ ಹತ್ತಿರ ಓಡಿ ಬಂದಳು.

“ನಿನ್ನ ಹನ್ನೆರಡು ಬೈಪಾಸಲ್ಲಿ ಕಂಡ ಕಣೇ. ಪೆಟ್ರೋಲ್ ಬಂಕಿನವಳ ಜೊತೆ ನಿಂತ್ಕೊಂಡು ಹಲ್ಲು ಕಿರೀತಿದ್ದ.”

“ನನ್ನ ಹನ್ನೆರಡು ಅಂತ ಯಾರು ಹೇಳಿದ್ದು?”

“ಹೋಗಿ ಕನ್ನಡೀಲಿ ಮುಖ ನೋಡ್ಕೋ, ಅದೇ ಹೇಳತ್ತೆ.”

ಆ ದಿನ ಎರಡು ಟ್ಯೂಬು ಹಾಳು ಮಾಡಿದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮೂರನೆಯದೂ ಹೋಗುತ್ತಿತ್ತು.

ಹತ್ತೊಂಬತ್ತನೇ ದಿನ, ಬೆಳಗ್ಗೆ ಹನ್ನೊಂದು ಗಂಟೆಗೆ ಹಾಜರಾದ. ಗಡ್ಡ ನುಣ್ಣಗೆ ಬೋಳಿಸಿದ್ದ. ಯಾರಿಗೋಸ್ಕರ ಬೋಳಿಸಿದನೋ!

“ಮೇಡಂ, ಎಡಗಡೆ ಹಿಂದಿನ ಟೈರು ಸಣ್ಣಗೆ ಗಾಳಿ ಬಿಡ್ತಾ ಇದೆ.”

“ಬೈಪಾಸಲ್ಲಿ ನೋಡೋರು ಇರ್ಲಿಲ್ವಾ?”

ಅವನು ಬಕೆಟ್ಟು ಎಳೆದುಕೊಂಡು ಕುಳಿತ. ಟೈರು ಬಿಚ್ಚಿ, ಟ್ಯೂಬಿಗೆ ಗಾಳಿ ಹಾಕಿ ನೀರಿನ ತೊಟ್ಟಿಯಲ್ಲಿ ಅದ್ದಿದೆ. ಒಂದು ಕಡೆ ಗುಳುಗುಳು ಎಂದಿತು. ಅಲ್ಲೊಂದು ಹೊಸ ಪ್ಯಾಚ್ ಇತ್ತು. ನಾನು ಹಾಕಿದ್ದಲ್ಲ.

ನನ್ನ ಕಿವಿ ಬಿಸಿಯಾಯಿತು. ಈ ಲಾರಿಯ ಟ್ಯೂಬುಗಳನ್ನು ಮೂರು ವರ್ಷದಿಂದ ನನ್ನ ಹೊರತು ಯಾರೂ ಮುಟ್ಟಿಲ್ಲ. ಯಾವ ಟೈರಿನಲ್ಲಿ ಎಷ್ಟು ತೂತು ಮುಚ್ಚಿದ್ದೇನೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅದರ ಮಧ್ಯೆ ಇದು ಯಾರದೋ ಕೈ. ಅದೂ ಪ್ಯಾಚಿನ ಮೂಲೆಗಳನ್ನು ನನ್ನ ಹಾಗೆಯೇ ಗುಂಡಗೆ ಕತ್ತರಿಸಿದ್ದಾಳೆ. ಹೌದು, ‘ದ್ದಾಳೆ’. ಹೆಂಗಸೇ ಎಂದು ನನ್ನ ಹೊಟ್ಟೆ ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಪ್ಯಾಚಿನ ಸುತ್ತ ರಬ್ಬರಿನ ಮೇಲೆ ಅರ ಉಜ್ಜಿದ ಗೀರುಗಳಿದ್ದವು. ಬಲಗೈಯವರ ಗೀರು ಒಂದು ಕಡೆ ವಾಲುತ್ತದೆ, ನನ್ನದು ಇನ್ನೊಂದು ಕಡೆ. ಇವು ನನ್ನ ಕಡೆಗೇ ವಾಲಿದ್ದವು. ಅಂದರೆ ಅವಳೂ ಎಡಚಿ! ಇಷ್ಟು ದೊಡ್ಡ ಊರಿನಲ್ಲಿ ಹುಡುಕಿ ಹುಡುಕಿ ಇನ್ನೊಬ್ಬ ಎಡಚಿಯನ್ನೇ ಹಿಡಿದಿದ್ದಾನೆ ಮಹಾನುಭಾವ.

“ಯಾರು ಹಾಕಿದ್ದು ಇದು?”

“ಯಾಕೆ, ಸರಿ ಇಲ್ವಾ?”

“ಕೇಳಿದ್ದಕ್ಕೆ ಹೇಳು. ಬಂಕಿನವಳಾ?”

“ಬಂಕಿನವರಾ? ಅವ್ರಿಗೆ ಪಂಕ್ಚರ್ ಹಾಕೋಕೆ ಎಲ್ಲಿ ಬರತ್ತೆ?”

“ಹಲ್ಲು ಕಿರಿಯೋಕೆ ಬರತ್ತಲ್ಲ. ಹೋಗು, ಅಲ್ಲೇ ಹೋಗು. ಅಲ್ಲಿ ರಸ್ತೆನೂ ನುಣ್ಣಗಿದೆ, ಜನಾನೂ ನುಣ್ಣಗಿದಾರೆ. ನನ್ನ ಅಂಗಡಿ ಮುಂದೆ ಲಾರಿ ನಿಲ್ಲಿಸ್ಬೇಡ.”

ಟ್ಯೂಬನ್ನು ಅವನ ಮಡಿಲಿಗೆ ಎಸೆದೆ. ಶರಟೆಲ್ಲ ಒದ್ದೆಯಾಯಿತು. ಕೋಪ ಬರಬೇಕಿತ್ತು ಅವನಿಗೆ. ಅದರ ಬದಲು ಸ್ಕೂಲಿನಲ್ಲಿ ಸಿಕ್ಕಿಬಿದ್ದವನ ಹಾಗೆ ತಲೆ ಕೆರೆದುಕೊಂಡ.

“ನಾನೇ ಹಾಕಿದ್ದು.”

“ಸುಳ್ಳು. ನೀನು ಬಲಗೈಯವ್ನು. ಇದು ಎಡಗೈಯವ್ರ ಕೆಲ್ಸ.”

“ಎಡಗೈಲೇ ಹಾಕ್ದೆ.”

“ಯಾಕೆ?”

ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಎಡಗೈಲೇ ಅಲ್ವಾ ಹಾಕೋದು? ಮೂರು ವರ್ಷದಿಂದ ಎದುರಿಗೆ ಕೂತು ನೋಡಿದೀನಿ. ನೀನು ಯಾವತ್ತಾದ್ರೂ ಬಲಗೈಲಿ ಉಜ್ಜಿದೀಯಾ?”

ನಾನು ನನ್ನ ಎಡಗೈಯನ್ನೇ ತಿರುಗಿಸಿ ನೋಡಿಕೊಂಡೆ. ಮೇಡಂ ಹೋಗಿ ‘ನೀನು’ ಆಗಿದ್ದು ಕೂಡ ಆಮೇಲೆ ಹೊಳೆಯಿತು.

“ಬೈಪಾಸ್ ಮಧ್ಯ ಪಂಕ್ಚರ್ ಆಯ್ತು,” ಎಂದ. “ಸ್ಟೆಪ್ನಿನೂ ಕೆಟ್ಟಿತ್ತು. ರಿಪೇರಿ ವ್ಯಾನ್‌ನವ್ರು ಬಂದು ನಿಂತ್ರು, ಹತ್ತು ನಿಮಿಷದ ಕೆಲ್ಸ ಅಂದ್ರು. ಯಾಕೋ ಬೇರೆಯವ್ರ ಕೈಗೆ ಕೊಡೋಕೆ ಮನಸ್ಸಾಗ್ಲಿಲ್ಲ. ಪ್ಯಾಚಿನ ಸಾಮಾನು ಲಾರೀಲೇ ಇತ್ತು, ಅವ್ರನ್ನ ವಾಪಸ್ ಕಳ್ಸಿ ನಾನೇ ಕೂತೆ. ಮೂರು ಗಂಟೆ ಹಿಡೀತು. ಓನರ್ ಹತ್ರ ಬೈಸ್ಕೊಂಡೆ.”

ಮೂರು ಗಂಟೆ! ಬಿಸಿಲಲ್ಲಿ ಕೂತು, ಬಾರದ ಕೈಯಲ್ಲಿ, ನನ್ನ ಹಾಗೆ ಮೂಲೆ ಗುಂಡಗೆ ಮಾಡುತ್ತಾ. ನನಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಗ್ರೀಸು ಹತ್ತಿದ ತೋಳಿನಿಂದ ಒರೆಸಿಕೊಂಡೆ.

“ಹಾಗಾದ್ರೆ ಬಂಕಿನವಳು?”

“ಓನರ್ ಎಲ್ಲಾ ಲಾರಿಗೂ ಜಿಪಿಎಸ್ ಹಾಕ್ಸಿದಾನೆ. ನಾಳೆಯಿಂದ ಈ ರೋಡಿಗೆ ತಿರುಗಿದ್ರೆ ಕೆಲ್ಸಾನೇ ಹೋಗತ್ತೆ. ಇವತ್ತೇ ಕಡೆ.” ಅವನು ಒದ್ದೆ ಶರಟು ಹಿಂಡುವವನಂತೆ ನಟಿಸಿದ. “ಅದಕ್ಕೇ ಬಂಕಿನವ್ರ ಹತ್ರ, ಪಕ್ಕದಲ್ಲೇ ಒಂದು ಶೆಡ್ಡಿಗೆ ಜಾಗ ಕೇಳ್ದೆ. ಪಂಕ್ಚರ್ ಅಂಗಡಿಗೆ. ಅವ್ರು ಒಪ್ಪಿದಾರೆ.”

“ನನ್ನ ಒಂದು ಮಾತೂ ಕೇಳ್ದೇನೇ?”

“ಕೇಳೋಕೇ ಬಂದಿದೀನಲ್ಲ. ದಾರಿ ಬದಲಾಯ್ತು ಅಂತ ನಿನ್ನ ನೋಡ್ದೆ ಇರೋಕೆ ನನ್ನ ಕೈಲಿ ಆಗಲ್ಲ. ಬರ್ತೀಯಾ?”

ಅವನು ತಲೆಯೆತ್ತಿರಲಿಲ್ಲ. ಮೂರು ವರ್ಷ ನನ್ನ ಕೈ ನೋಡಿದವನು ಈಗಲೂ ಕೈಯನ್ನೇ ನೋಡುತ್ತಿದ್ದ. ನನಗೆ ಅವನ ಮುಖ ಬೇಕಿತ್ತು.

“ಮೇಲೆ ನೋಡು,” ಎಂದೆ. ನೋಡಿದ. “ಬರ್ತೀನಿ. ಆ ಬಂಕಿನವಳಿಗೆ ವಯಸ್ಸೆಷ್ಟು?”

“ಮೊಮ್ಮಕ್ಕಳಿದಾರೆ ಕಣೇ!”

“ಇರ್ಲಿ. ಆದ್ರೂ ಅಷ್ಟು ನಗ್ಬೇಡ ಅವಳ ಹತ್ರ.”

ಒಳಗಿನಿಂದ ಅಪ್ಪನ ಕೆಮ್ಮು ಕೇಳಿತು. ಎಷ್ಟು ಹೊತ್ತಿನಿಂದ ಕಿವಿಗೊಟ್ಟು ಕೂತಿದ್ದನೋ ಏನೋ. “ಎಡಚೀ, ಕಂಪ್ರೆಸರ್ ಸಾಗ್ಸೋವಾಗ ನನ್ನ ಕರೀಬೇಡ, ನನ್ನ ಸೊಂಟಕ್ಕೆ ಆಗಲ್ಲ. ಅವನ ಕೈಲೇ ಎತ್ಸು. ನನ್ನನ್ನ ಮಾತ್ರ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗಿ.”

ಹನ್ನೆರಡರ ಮುಖ ಕಿವಿಯವರೆಗೂ ಕೆಂಪೇರಿತು. ನಾನು ಅವನ ಪ್ಯಾಚನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಹೊಸದೊಂದು ಕತ್ತರಿಸಿ, ಅರವನ್ನು ಅವನಿಗೆ ಕೊಟ್ಟೆ. ಅವನು ಬಲಗೈ ಚಾಚಿದ.

“ಅದಲ್ಲ, ಎಡಗೈ,” ಎಂದೆ.

ಅವನ ಎಡಗೈಗೆ ಅರ ಇಟ್ಟು, ಅದರ ಮೇಲೆ ನನ್ನದನ್ನಿಟ್ಟೆ. ಇಬ್ಬರೂ ಸೇರಿ ಉಜ್ಜತೊಡಗಿದೆವು. ಎರಡು ನಿಮಿಷದ ಕೆಲಸ ಮುಗಿಯುವ ಲಕ್ಷಣವೇ ಕಾಣಲಿಲ್ಲ.

“ಆಯ್ತೇನೇ?” ಎಂದು ಅಪ್ಪ ಕೂಗಿದ.

“ಇನ್ನೂ ಇಲ್ಲಪ್ಪ,” ಎಂದೆ. “ಇನ್ನೂ ಹನ್ನೊಂದು ಟೈರು ಬಾಕಿ ಇವೆ.”